2012ರ ಡೆಸ್ಕ್‌ಟಾಪ್‌ನಲ್ಲಿ ಈಗಿನ ಮ್ಯೂಸಿಕ್ ಸಾಫ್ಟ್‌ವೇರ್ ಓಡಿಸಬಹುದಾ, ಇಲ್ಲಾ ಹೊಸದು ಕೊಳ್ಳಬೇಕಾ?

ಈಗಲೇ ಕೊಳ್ಳಬೇಡಿ. ನಿಮ್ಮದು ಥರ್ಡ್ ಜನರೇಶನ್ ಐ5, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಏಳೆಂಟು ಟ್ರ್ಯಾಕ್ (ಒಂದೊಂದು ದನಿ ಅಥವಾ ವಾದ್ಯದ ಪದರ) ಆಗುತ್ತಿದ್ದಂತೆ ಪಟಪಟ ಸದ್ದು ಬರುತ್ತದೆ ಅಂದಿದ್ದೀರಿ. ನನ್ನದು ಅದಕ್ಕಿಂತ ಹಳೆಯದು, ಐ5-2400. ಇದರಲ್ಲೇ ನನ್ನ ತಂಗಿ ಹಾಡುವ ಭಾವಗೀತೆಗಳನ್ನು ಹಾರ್ಮೋನಿಯಂ, ತಬಲಾ, ಸ್ಯಾಂಪಲ್ ವಯಲಿನ್‌ಗಳ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳಿಂದ ಸಾಫ್ಟ್‌ವೇರ್ ನುಡಿಸುವ ವಯಲಿನ್) ಜೊತೆ ಇಪ್ಪತ್ತು ಟ್ರ್ಯಾಕ್ ದಾಟಿಸಿ ಮಿಕ್ಸ್ ಮಾಡುತ್ತೇನೆ.

ಮೊದಲು ಆ ಪಟಪಟ ಏನು ಅಂತ ತಿಳಿಯಬೇಕು. ಪಂಕ್ತಿಯಲ್ಲಿ ಬಡಿಸುವವರನ್ನು ನೆನೆಸಿಕೊಳ್ಳಿ. ಎಲೆ ಖಾಲಿಯಾಗುವ ಮುಂಚೆ ಅನ್ನ ಬರಬೇಕು. ಸಣ್ಣ ಬಟ್ಟಲಲ್ಲಿ ತಂದರೆ ಓಡಾಟ ಜಾಸ್ತಿ. ಆ ಬಟ್ಟಲೇ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತಯಾರಿಸಿ ಕೊಡುವ ಸದ್ದಿನ ಅಳತೆ. ಸೆಕೆಂಡಿಗೆ 44,100 ಸ್ಯಾಂಪಲ್ (ಇಲ್ಲಿ ಸದ್ದಿನ ಒಂದೊಂದು ಸಣ್ಣ ಅಳತೆ) ಇದ್ದಾಗ ಬಫರ್ 128 ಸ್ಯಾಂಪಲ್ ಇಟ್ಟರೆ ಸುಮಾರು 3 ಮಿಲಿಸೆಕೆಂಡಿಗೊಮ್ಮೆ ಹೊಸ ಸದ್ದು ತಯಾರಿರಬೇಕು. ಒಂದು ಸಲ ತಡವಾದರೂ ಪಟ್ ಅನ್ನುತ್ತದೆ. 1024 ಇಟ್ಟರೆ 23 ಮಿಲಿಸೆಕೆಂಡ್ ಸಿಗುತ್ತದೆ. ಹಳೇ ಪ್ರೊಸೆಸರ್‌ಗೆ ಅಷ್ಟು ಸಾಕು.

ಹಾಗಾದರೆ ಯಾವಾಗಲೂ 1024 ಇಡಬಹುದಲ್ವಾ? ಹಾಡುವಾಗ ಆಗುವುದಿಲ್ಲ. ಹೆಡ್‌ಫೋನ್‌ನಲ್ಲಿ ತಮ್ಮ ದನಿ ತಮಗೇ ತಡವಾಗಿ ಕೇಳುತ್ತದೆ. ಮೊದಲ ಸಲ ನಾನು ಹಾಗೇ ಇಟ್ಟಿದ್ದೆ. ತಂಗಿಯ ಪ್ರತಿ ಸಾಲೂ ತಬಲಾಕ್ಕಿಂತ ಹಿಂದೆ ಬೀಳುತ್ತಿತ್ತು. ತಪ್ಪು ಅವಳದೇ ಅಂದುಕೊಂಡು ಹತ್ತು ಸಲ ಹಾಡಿಸಿದೆ. ಆ ಬೇಸರ ನನಗೆ ಇವತ್ತಿಗೂ ಇದೆ.

ಅದಕ್ಕೇ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಎರಡನ್ನೂ ಬೇರೆ ಬೇರೆ ದಿನದ ಕೆಲಸ ಮಾಡಿಕೊಳ್ಳಿ. ಹಾಡುವ ದಿನ ಬಫರ್ 128 ಅಥವಾ 256, ಪ್ಲಗಿನ್ (ವಾದ್ಯ ಅಥವಾ ಎಫೆಕ್ಟ್ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಎಲ್ಲಾ ಆಫ್. ನಿಮ್ಮ ಆಡಿಯೋ ಇಂಟರ್ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರ್ ಇದ್ದರೆ ಅದನ್ನೇ ಹಾಕಿ, ಆಗ ದನಿ ಕಂಪ್ಯೂಟರ್ ಸುತ್ತಿ ಬರಬೇಕಿಲ್ಲ. ಇಂಟರ್ಫೇಸ್ ಕಂಪನಿಯದೇ ಆಸಿಯೋ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ಡ್ರೈವರ್) ಬಳಸಿ. ಮಿಕ್ಸ್ ಮಾಡುವ ದಿನ 1024ಕ್ಕೆ ಏರಿಸಿ.

ಇನ್ನೊಂದು ವಿಷಯ. ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ 40% ಅಂತ ತೋರಿಸುತ್ತಿದ್ದರೂ ಪಟಪಟ ಬರಬಹುದು. ಒಂದು ಟ್ರ್ಯಾಕ್‌ನ ಪ್ಲಗಿನ್‌ಗಳು ಒಂದರ ಹಿಂದೆ ಒಂದು ನಡೆಯಬೇಕು. ಹಾಗಾಗಿ ಪ್ರೊಸೆಸರ್‌ನ ನಾಲ್ಕು ಕೋರ್‌ಗಳಲ್ಲಿ ಒಂದರ ಮೇಲೇ ಭಾರ ಬಿದ್ದು, ಉಳಿದ ಮೂರು ಸುಮ್ನೆ ಕೂತಿರಬಹುದು. ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್ ತೆರೆದರೆ ಯಾವ ಟ್ರ್ಯಾಕ್ ಪ್ರೊಸೆಸರ್ ಅನ್ನು ತಿನ್ನುತ್ತಿದೆ ಅಂತ ಕಾಣುತ್ತದೆ. ಅದನ್ನು ಫ್ರೀಜ್ ಮಾಡಿ. ವಯಲಿನ್ ಪ್ಲಗಿನ್ ಹೋಗಿ ಅದರ ಸದ್ದಿನ ಫೈಲ್ ಮಾತ್ರ ಉಳಿಯುತ್ತದೆ. ಬೇಕಾದಾಗ ಅನ್‌ಫ್ರೀಜ್ ಮಾಡಬಹುದು. ರಿವರ್ಬ್ (ದನಿಗೆ ಪ್ರತಿಧ್ವನಿಯಂಥ ಗುಂಗು ಕೊಡುವ ಪ್ಲಗಿನ್) ಪ್ರತಿ ಟ್ರ್ಯಾಕ್‌ಗೂ ಹಾಕಬೇಡಿ, ಒಂದೇ ಇಟ್ಟು ಎಲ್ಲದರಿಂದ ಸೆಂಡ್ ಕೊಡಿ, ಅಂದರೆ ಎಲ್ಲದರ ಸದ್ದನ್ನೂ ಅದಕ್ಕೇ ಕಳಿಸಿ. ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಜ್ಜು ಮಾಡುವ ರೆಕಾರ್ಡ್ ಆರ್ಮ್ ಬಟನ್ ಅನ್ನು ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ. ಆರ್ಮ್ ಆಗಿರದ ಟ್ರ್ಯಾಕ್‌ಗಳ ಲೆಕ್ಕವನ್ನು ರೀಪರ್ ಮುಂಚೆಯೇ ಮಾಡಿಟ್ಟುಕೊಳ್ಳುತ್ತದೆ. ಅದರಿಂದ ಎಷ್ಟು ಹಗುರವಾಗುತ್ತದೆ ಅಂತ ನೀವೇ ನೋಡಿ.

ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿ. ಹಾಡಿದ ಟ್ರ್ಯಾಕ್‌ಗೆ ಅದು ಬೇಕಿಲ್ಲ. ಒಂದು ದನಿಯ ರೆಕಾರ್ಡಿಂಗ್ (24 ಬಿಟ್ ಮೋನೋ) ನಿಮಿಷಕ್ಕೆ ಸುಮಾರು 8 ಎಂಬಿ ಮಾತ್ರ. ಆದರೆ ಸ್ಯಾಂಪಲ್ ವಾದ್ಯಗಳು ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಡಿಸ್ಕ್ ತುಂಬಾ ಹುಡುಕುತ್ತವೆ. ಹಾರ್ಡ್ ಡಿಸ್ಕ್ ಸುಸ್ತಾಗುವುದು ಅಲ್ಲೇ. ಆಮೇಲೆ ರ‍್ಯಾಮ್ 16 ಜಿಬಿ ಮಾಡಿ. ಇದಕ್ಕೆ ಹೊಂದುವ ಹಳೇ ಮಾದರಿಯ ಡಿಡಿಆರ್3 ರ‍್ಯಾಮ್ ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಸೆಕೆಂಡ್ ಹ್ಯಾಂಡ್ ಕೇಳಿ ನೋಡಿ. ಹಾಗೇ ಫ್ಯಾನ್‌ನ ಧೂಳು ತೆಗೆಸಿ. ಬಿಸಿಯಾದರೆ ಪ್ರೊಸೆಸರ್ ನಿಧಾನವಾಗುತ್ತದೆ, ಫ್ಯಾನ್ ಸದ್ದು ಮೈಕಿಗೂ ಬೀಳುತ್ತದೆ.

ಆಗದೇ ಇರುವುದೂ ಇದೆ. ಕೆಲವು ಹೊಸ ಸಾಫ್ಟ್‌ವೇರ್‌ಗಳು ಎವಿಎಕ್ಸ್2 (ಹೊಸ ಪ್ರೊಸೆಸರ್‌ಗಳಲ್ಲಿರುವ ಒಂದು ಸೌಲಭ್ಯ) ಇರಲೇಬೇಕು ಅನ್ನುತ್ತವೆ. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರ ಫೋರ್ತ್ ಜನರೇಶನ್‌ನಿಂದ. ನಮ್ಮ ಮಷೀನ್‌ಗಳಲ್ಲಿ ಅಂಥವು ತೆರೆಯುವುದೇ ಇಲ್ಲ. ಪ್ಲಗಿನ್‌ಗೆ ದುಡ್ಡು ಕೊಡುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ, ನಮ್ಮ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಸುರಕ್ಷತೆಗಾಗಿ ನಾನು ನನ್ನ ಕಂಪ್ಯೂಟರ್‌ಗೆ ಇಂಟರ್ನೆಟ್ ಕೊಡುವುದನ್ನೇ ನಿಲ್ಲಿಸಿದ್ದೇನೆ.

ಇವತ್ತು ಅದೇ ಹಾಡನ್ನು ಬಫರ್ 1024 ಇಟ್ಟು ಕೇಳಿ. ಆಗಲೂ ಪಟಪಟ ಅಂದರೆ ವೈಫೈ ಆಫ್ ಮಾಡಿ ಇನ್ನೊಮ್ಮೆ ಕೇಳಿ, ಎಷ್ಟೋ ಸಲ ಅದರ ಡ್ರೈವರ್ ಅಡ್ಡ ಬರುತ್ತದೆ. ಏನಾಯಿತು ಅಂತ ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.