ಸ್ವೆಟರ್ ಮೈಗೆ ಸರಿ, ತಲೆಗೆ ಮಾತ್ರ ತೂರುತ್ತಿಲ್ಲ

ಎರಡು ವರ್ಷದ ಮಗುವಿಗೆ ಹೆಣೆದ ಸ್ವೆಟರ್ ಮೈಗೆ ಸರಿಯಾಗಿದ್ದೂ ತಲೆ ತೂರುತ್ತಿಲ್ಲ ಅಂತ ಬರೆದಿದ್ದೀರಿ. ಬಹುಶಃ ಕುತ್ತಿಗೆಯ ಕೊನೆಯ ಸಾಲನ್ನು (ಕುಣಿಕೆಗಳು ಬಿಚ್ಚದಂತೆ ಮುಗಿಸುವ ಸಾಲು) ಬಿಗಿಯಾಗಿ ಮುಚ್ಚಿದ್ದೀರಿ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದೇ ಅಲ್ವಾ, ಸುತ್ತಳತೆ 47–48 ಸೆಂ.ಮೀ. ಆಸುಪಾಸು ಇರುತ್ತದೆ.

ದಯವಿಟ್ಟು ಪೂರ್ತಿ ಬಿಚ್ಚಬೇಡಿ. ಮುಚ್ಚಿದ ಸಾಲಿನ ತುದಿ ಹುಡುಕಿ, ಅದೊಂದನ್ನೇ ಬಿಚ್ಚಿ. ಕುಣಿಕೆಗಳನ್ನು ತೆಳು ಕಡ್ಡಿಗೆ ಏರಿಸಿಕೊಳ್ಳಿ. ಈಗ ಬಲಗೈಗೆ ದಪ್ಪ ಕಡ್ಡಿ ಬೇಕು: 4 ಮಿ.ಮೀ.ನಲ್ಲಿ ಹೆಣೆದಿದ್ದರೆ 5 ತೆಗೆದುಕೊಳ್ಳಿ. ಎರಡು ಕುಣಿಕೆಗಳನ್ನು ಹಿಂಬದಿಯಿಂದ ಒಟ್ಟಿಗೆ ಸೀದಾ ಹೆಣೆಯಿರಿ. ಬಂದ ಕುಣಿಕೆಯನ್ನು ಎಡಗೈ ಕಡ್ಡಿಗೆ ವಾಪಸ್ ಹಾಕಿ, ಮುಂದಿನದರ ಜೊತೆ ಮತ್ತೆ ಹಾಗೇ. ಈ ಅಂಚು ಚೆನ್ನಾಗಿ ಹಿಗ್ಗುತ್ತದೆ. ಉಲ್ಲನ್ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಳೆಯ ಎಳೆ ಸಾಲದಿದ್ದರೆ ಹೊಸದು ಸೇರಿಸಿ. ಕೊನೆಯ ಕುಣಿಕೆಯನ್ನು ಪಿನ್ನಿನಲ್ಲಿ ಹಿಡಿದಿಟ್ಟು, ಮಗುವಿಗೆ ತೊಡಿಸಿ ನೋಡಿದ ಮೇಲೆಯೇ ಎಳೆ ಕತ್ತರಿಸಿ.

ಕುತ್ತಿಗೆಯಿಂದ ಕೆಳಕ್ಕೆ ಹೆಣೆದಿರೋ ಹೇಗೆ ಅಂತ ನೀವು ಬರೆದಿಲ್ಲ. ಹಾಗೆ ಹೆಣೆದಿದ್ದರೆ ಬಿಗಿ ಇರುವುದು ಮೊದಲ ಸಾಲಿನಲ್ಲಿ, ಅದು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಆಗ ಕುತ್ತಿಗೆ ಪಟ್ಟಿಯ ಬುಡದ ಸಾಲಿನಲ್ಲಿ ಒಂದೇ ಒಂದು ಕುಣಿಕೆ ಕತ್ತರಿಸಿ, ಆ ಸಾಲನ್ನು ನಿಧಾನವಾಗಿ ಎಳೆದು ತೆಗೆಯಿರಿ. ಕೆಳಗೆ ಉಳಿದ ಕುಣಿಕೆಗಳನ್ನು ಕಡ್ಡಿಗೆ ಏರಿಸಿ, ಪಟ್ಟಿಯನ್ನು ಮೇಲ್ಮುಖವಾಗಿ ಹೆಣೆದು ಇದೇ ರೀತಿ ಮುಚ್ಚಿ.