ನಂದಿ ಬೆಟ್ಟದ ಮೆಟ್ಟಿಲು ಓಟ: ಆಪ್ ಬದಲಿಸೋ ಮುಂಚೆ ಆಟೋ-ಪಾಜ್ ಆಫ್ ಮಾಡಿ

ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ ಓಡಿದಾಗ ನಿಮ್ಮ ಫೋನಿಗೂ ಗೆಳೆಯರ ವಾಚಿಗೂ ಲೆಕ್ಕ ಕೂಡುತ್ತಿಲ್ಲ, ಯಾವ ಆಪ್ ನಂಬಬೇಕು ಅಂತ ಕೇಳಿದ್ದೀರಿ. ಆಪ್‌ನ ಪ್ರಶ್ನೆಯೇ ಅಲ್ಲ ಇದು. ನಾನು ಒಂದು ಮಳೆಗಾಲ ಪೂರ್ತಿ ಟೈಮಿಂಗ್ ಸುಧಾರಿಸ್ತಿದೆ ಅಂತಲೇ ನಂಬಿದ್ದೆ. ಆಟೋ-ಪಾಜ್ ಆನ್ ಇತ್ತು, ಅಂದರೆ ನಾವು ನಿಂತಾಗ ಆಪ್ ತಾನೇ ಗಡಿಯಾರ ನಿಲ್ಲಿಸೋ ಸೆಟ್ಟಿಂಗ್.

ಅದು ಹೇಗೆ ಮೋಸ ಮಾಡುತ್ತೆ ನೋಡಿ. ಕಡಿದಾದ ಮೆಟ್ಟಿಲಲ್ಲಿ ಕಿಲೋಮೀಟರಿಗೆ 25 ನಿಮಿಷದ ವೇಗ ಅಂದರೆ ಸೆಕೆಂಡಿಗೆ 0.67 ಮೀಟರ್. ಜಿಪಿಎಸ್ ಬಿಂದು ಆ ಕಡೆ ಈ ಕಡೆ ಹಾರೋದೇ ಅದಕ್ಕಿಂತ ಹೆಚ್ಚು. ನೀವು ಏದುಸಿರು ಬಿಡುತ್ತಾ ಹತ್ತುತ್ತಿದ್ದರೂ ಆಪ್ 'ನಿಂತಿದ್ದಾರೆ' ಅಂದುಕೊಂಡು ಗಡಿಯಾರ ನಿಲ್ಲಿಸುತ್ತೆ. ಸುಸ್ತಾಗಿ ನಿಧಾನವಾದಷ್ಟೂ ಹೆಚ್ಚು ನಿಮಿಷ ಮಾಯ, ಹಾಗಾಗಿ ಕೆಟ್ಟ ದಿನವೇ ಒಳ್ಳೇ ದಿನದ ಥರ ಕಾಣುತ್ತೆ. ಓಡಿದ ಮೇಲೆ ನೋಡಬೇಕಾದ್ದು 'ಮೂವಿಂಗ್ ಟೈಮ್' (ಚಲಿಸಿದ ಸಮಯ) ಅಲ್ಲ, 'ಎಲಾಪ್ಸ್ಡ್ ಟೈಮ್' (ಶುರುವಿನಿಂದ ಕೊನೆವರೆಗಿನ ಪೂರ್ತಿ ಸಮಯ). ಸ್ಟ್ರಾವಾ ಆಪ್ ತನ್ನ ಸೆಗ್ಮೆಂಟ್‌ಗಳಲ್ಲಿ (ಹೋಲಿಕೆಗೆ ಗುರುತು ಮಾಡಿದ ಹಾದಿಯ ತುಂಡುಗಳಲ್ಲಿ) ಲೆಕ್ಕಕ್ಕೆ ಹಿಡಿಯೋದೂ ಇದನ್ನೇ.

ದೂರ, ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋ ಲೆಕ್ಕ) ಎರಡನ್ನೂ ಬೆಟ್ಟದಲ್ಲಿ ಮರೆತುಬಿಡಿ. ಮರದ ನೆರಳು, ಒಂದು ಪಕ್ಕ ಬಂಡೆ ಇರೋ ಕಡೆ ಅರ್ಧ ಆಕಾಶ ಮುಚ್ಚಿರುತ್ತೆ, ಸಿಗ್ನಲ್ ಬಂಡೆಗೆ ಬಡಿದು ತಡವಾಗಿ ತಲುಪುತ್ತೆ, ಗೆರೆ ಅಂಕುಡೊಂಕಾಗಿ ಇಲ್ಲದ ದೂರ ಸೇರಿಕೊಳ್ಳುತ್ತೆ. ಮಧುಗಿರಿ ಬಂಡೆಯ ಪಕ್ಕದಲ್ಲೂ, ದೇವರಾಯನದುರ್ಗದ ಕಾಡಿನಲ್ಲೂ ಇದೇ ಕಥೆ.

ಹೊರಡೋ ಮುಂಚೆ ಬಯಲಲ್ಲಿ ಒಂದೆರಡು ನಿಮಿಷ ನಿಲ್ಲಿ, ಲೊಕೇಶನ್ ಗಟ್ಟಿಯಾಗಿ ಹಿಡಿದ ಮೇಲೆ ಸ್ಟಾರ್ಟ್ ಒತ್ತಿ. ಆಂಡ್ರಾಯ್ಡ್ ಆದರೆ ಆ ಆಪ್‌ಗೆ ಬ್ಯಾಟರಿ ಸೆಟ್ಟಿಂಗ್ 'ಅನ್‌ರಿಸ್ಟ್ರಿಕ್ಟೆಡ್' ಇರಲಿ, ಇಲ್ಲದಿದ್ದರೆ ಸ್ಕ್ರೀನ್ ಆರಿದ ಮೇಲೆ ಫೋನೇ ಆಪ್ ಮುಚ್ಚಿ ನಡುವೆ ನೇರ ಗೆರೆ ಎಳೆದಿರುತ್ತೆ. 'ಪ್ರಿಸೈಸ್ ಲೊಕೇಶನ್' ಆನ್ ಇರಲಿ. ವಾಚಿನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 'ಸ್ಮಾರ್ಟ್' ಬೇಡ, ಸೆಕೆಂಡಿಗೊಂದು ಬಿಂದು ದಾಖಲಾಗೋ ಹಾಗೆ ಇಡಿ. ಮೊದಲ ಮೆಟ್ಟಿಲಲ್ಲಿ ಒಮ್ಮೆ ಲ್ಯಾಪ್ ಬಟನ್ ಒತ್ತಿ, ಕೊನೇ ಮೆಟ್ಟಿಲಲ್ಲಿ ಇನ್ನೊಮ್ಮೆ. ನನ್ನ ಪ್ರಕಾರ ಆ ಎರಡು ಒತ್ತುಗಳ ನಡುವಿನ ಸಮಯವೊಂದೇ ಪೂರ್ತಿ ನಂಬಿಕೆಗೆ ಯೋಗ್ಯ.

ಎತ್ತರದ ವಿಷಯ ಬೇರೆ. ಬರೀ ಜಿಪಿಎಸ್ ಇರೋ ಫೋನಿನಲ್ಲಿ ಎತ್ತರದ ತಪ್ಪು ನೆಲದ ಮೇಲಿನ ಜಾಗದ ತಪ್ಪಿಗಿಂತ ದೊಡ್ಡದು. ಬ್ಯಾರೋಮೀಟರ್ (ಗಾಳಿಯ ಒತ್ತಡದಿಂದ ಎತ್ತರ ಅಳೆಯೋ ಸೆನ್ಸರ್) ಇರೋ ವಾಚ್ ವಾಸಿ, ಆದರೆ ಹವೆ ಬದಲಾಗಿ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಸುಮ್ಮನೆ ನಿಂತಿದ್ದರೂ ಸುಮಾರು 9 ಮೀಟರ್ ಏರಿದ ಹಾಗೆ ತೋರಿಸುತ್ತೆ. ಸೆನ್ಸರ್ ತೂತಿನಲ್ಲಿ ಬೆವರು ಕೂತರೂ ಕೆಡುತ್ತೆ, ಓಡಿ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಅದಕ್ಕೇ ಎತ್ತರವನ್ನ ಒಂದೇ ಸಲ ನಕ್ಷೆಯ ಎತ್ತರದ ಗೆರೆಗಳಿಂದ ತೆಗೆದು ಬರೆದಿಡಿ, ಪ್ರತಿ ಓಟಕ್ಕೂ ಅದೇ ಅಂಕಿ ಹಾಕಿ. ಉದಾಹರಣೆಗೆ 400 ಮೀಟರ್ ಏರಿಕೆಗೆ 32 ನಿಮಿಷ ಹಿಡಿದರೆ ಗಂಟೆಗೆ 750 ಮೀಟರ್ ಏರಿದ ಹಾಗೆ. ಸ್ಕಂದಗಿರಿ, ಅಂತರಗಂಗೆ ಓಟಗಳನ್ನೂ ನಂದಿಯ ಜೊತೆ ಒಂದು ಮಟ್ಟಿಗೆ ಹೋಲಿಸೋಕೆ ಆಗೋದು ಈ ಅಂಕಿಯಿಂದ ಮಾತ್ರ.

ಗೆಳೆಯರ ಜೊತೆ ಹೋಲಿಸಲೇಬೇಕು ಅಂದರೆ ಇಬ್ಬರೂ ಒಂದೇ ದಿನ, ಒಟ್ಟಿಗೆ ಹೊರಟು, ಕೈಯಾರೆ ಲ್ಯಾಪ್ ಒತ್ತಿ. ಶನಿವಾರ ಭಾನುವಾರ ಬೇಡ, ಮೆಟ್ಟಿಲ ಮೇಲೆ ಜನ ದಾಟೋದರಲ್ಲೇ ನಿಮಿಷಗಳು ಹೋಗುತ್ತವೆ.