ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಬಿಹಾರದ ಕುಟುಂಬಕ್ಕೆ ಊರಿನ ರೇಷನ್ ಕಾರ್ಡ್ ಇಲ್ಲಿ ನಡೆಯುತ್ತದಾ?

ನಡೆಯುತ್ತದೆ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಯೋಜನೆ ಇರುವುದೇ ಅದಕ್ಕೆ. ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡ್ ನಂಬರ್ ಇಲ್ಲವೇ ಆಧಾರ್ ನಂಬರ್ ಕೊಟ್ಟು ಬೆರಳು ಒತ್ತಬೇಕು. ಸ್ವಲ್ಪ ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಅದೇ ಕಾರ್ಡಿನಲ್ಲಿ ಹೆಸರಿರುವ ಅಪ್ಪ-ಅಮ್ಮ ಊರಲ್ಲೇ ತರಬಹುದು. ತೊಡಕು ಜಾಸ್ತಿ ಬೆರಳಿನದೇ. ಸಿಮೆಂಟು ಕಲಸಿ ಕಲಸಿ ಗೆರೆ ಸವೆದಿರುತ್ತದೆ, ಮೆಷಿನ್ ಹಿಡಿಯುವುದಿಲ್ಲ. ಆಗ ಕಾರ್ಡಿನಲ್ಲಿರುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಲಿ. ಸಿಗುವುದು ಕೇಂದ್ರದ ಪಾಲು ಮಾತ್ರ, ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಅಲ್ಲ.

ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲೂ ನೋಂದಾಯಿಸಬಹುದು. ಕಾರ್ಮಿಕ ಸಹಾಯವಾಣಿ 155214. ಕನ್ನಡ ಬಾರದವರನ್ನು ಸುಮ್ನೆ ಅಂಗಡಿಗೆ ಕಳಿಸಿದರೆ ‘ನಾಳೆ ಬಾ’ ಅನ್ನುವುದೇ ಹೆಚ್ಚು ಅಲ್ವಾ, ಮೊದಲ ಸಲ ನೀವೂ ಜೊತೆಗೆ ಹೋಗಿ.